ಎರಡೂವರೆ ತಿಂಗಳ ಸೂಜಿಗೆ ಅತ್ತೆ ಬೇಡ ಅಂತಿದ್ದಾರೆ, ಏನು ಮಾಡಲಿ?

ಕಾಳಿಹೊಳೆ ಆಚೆ, ಕಾರವಾರ:
ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ನನ್ನ ಮಗಳಿಗೆ ಇವತ್ತಿಗೆ 75 ದಿನ. ತವರು ಶಿರಸಿ ಹತ್ತಿರದ ಹಳ್ಳಿ, ಬಾಳಂತನ ಅಲ್ಲೇ ಆಯಿತು. ಒಂದೂವರೆ ತಿಂಗಳ ಸೂಜಿಯನ್ನೂ ಅಲ್ಲೇ ಹಾಕಿಸಿದ್ದೆ. ಮಾವನಿಗೆ ಕಣ್ಣಿನ ಆಪರೇಷನ್ ಅಂತ ಹೋದ ವಾರ ಬೇಗ ಗಂಡನ ಮನೆಗೆ ಬಂದೆ.

ಆವತ್ತು ಏನಾಯ್ತು ಅಂದ್ರೆ, ಸೂಜಿ ಹಾಕಿದವರು ಒಂದು ಮಾತೂ ಹೇಳಲಿಲ್ಲ. ಎರಡು ತೊಡೆಗೂ ಚುಚ್ಚಿದರು, ಬಲ ತೋಳಿಗೆ ಇನ್ನೊಂದು, ಬಾಯಿಗೆ ಡ್ರಾಪ್ಸ್, ಕಾರ್ಡಿನ ಮೇಲೆ ಗೀಚಿ ಕೊಟ್ಟರು, ಮುಂದಿನವರನ್ನು ಕರೆದರು. ಸಂಜೆ ಆರಕ್ಕೆ ಮಗುವಿನ ಮೈ ಕಾದ ಕಾವಲಿ. ಎಡ ತೊಡೆಯಲ್ಲಿ ಅಡಿಕೆ ಗಾತ್ರದ ಗಂಟು. ರಾತ್ರಿಯಿಡೀ ಕಿರುಚಿದಳು. ಅವತ್ತೇ ಅತ್ತೆ ಕೂಸನ್ನು ನೋಡೋಕೆ ಬಂದಿದ್ದರು, ಎಲ್ಲ ಕಣ್ಣಾರೆ ನೋಡಿದರು. "ಚೆನ್ನಾಗಿದ್ದ ಕೂಸಿಗೆ ದುಡ್ಡಿಲ್ಲದೆ ಕಾಯಿಲೆ ತರಿಸಿದ್ರಿ" ಅಂದರು. ಮೂರನೇ ದಿನಕ್ಕೆ ಎಲ್ಲ ಸರಿಯಾಯ್ತು, ಆದರೆ ಆ ಮಾತು ಹೋಗಲಿಲ್ಲ.

ಈಗ ಹತ್ತು ವಾರಕ್ಕೆ ಹಾಕಿಸಬೇಕಿದ್ದ ಎರಡನೆಯದು ಐದು ದಿನ ತಡ ಆಗಿದೆ. ಅತ್ತೆ "ಒಂದು ವರ್ಷ ಆಗಲಿ, ಮೈ ಗಟ್ಟಿ ಆಗಲಿ, ಆಮೇಲೆ ನೋಡುವಾ" ಅಂತಾರೆ. ಇವರು ಅಮ್ಮನ ಎದುರು ಬಾಯಿ ಬಿಡೋದಿಲ್ಲ. ನಿಜ ಹೇಳ್ಬೇಕಂದ್ರೆ ನನಗೂ ಒಳಗೊಳಗೇ ಹೆದರಿಕೆ. ಯಾವ ಸೂಜಿ ಯಾವುದಕ್ಕೆ ಅಂತ ಕೇಳಿದರೆ ನನಗೂ ಗೊತ್ತಿಲ್ಲ. ಬಿ.ಕಾಂ. ಓದಿದ್ದೇನೆ, ನಾಚಿಕೆ ಆಗುತ್ತೆ.

ಬಂಗುಡೆ ಬುಟ್ಟಿ, ಅಂಕೋಲಾ:
ಅಯ್ಯೋ, ನಮ್ಮನೆ ಕತೆನೇ ಬರೆದ ಹಾಗಿದೆ. ವ್ಯತ್ಯಾಸ ಅಂದ್ರೆ ನಮ್ಮಲ್ಲಿ ಬೇಡ ಅಂದಿದ್ದು ಗಂಡ. ಕೊನೆಗೆ ಅವರು ಬೋಟಿಗೆ ಹೋದ ದಿನ ನಾನೇ ಹಾಕಿಸ್ಕೊಂಡು ಬಂದೆ. ನೀವು ಹಾಗೆ ಮಾಡಬೇಡಿ, ಆಮೇಲೆ ಜ್ವರ ಬಂದಾಗ ಮನೇಲಿ ಒಬ್ಬರೂ ಜೊತೆಗಿರಲ್ಲ. ಎಲ್ಲ ಬೈಗುಳ ನಿಮ್ಮ ತಲೆ ಮೇಲೆ.

ಗುಲಾಬಿ ಸೀರೆ, ಕುಮಟಾ:
ತಂಗಿ, ನಾನು ಆಶಾ ಕೆಲಸ ಮಾಡ್ತಾ ಹನ್ನೊಂದು ವರ್ಷ ಆಯ್ತು. ಮೊದಲು ನಿನ್ನ ಹೆದರಿಕೆ ಬಿಡಿಸುತ್ತೇನೆ. ಒಂದೂವರೆ ತಿಂಗಳಿಗೆ ಮೂರು ಚುಚ್ಚು ಇರುತ್ತೆ. ಎಡ ತೊಡೆಗೆ ಪೆಂಟಾ, ಅಂದ್ರೆ ಐದು ರೋಗಕ್ಕೆ ಒಂದೇ ಸೂಜಿ, ಬಲ ತೊಡೆಗೆ ನ್ಯುಮೋನಿಯಾದ್ದು, ಅದಕ್ಕೆ ಪಿಸಿವಿ ಅಂತಾರೆ, ಬಲ ತೋಳಿನ ಚರ್ಮಕ್ಕೆ ಪೋಲಿಯೋ ಇಂಜೆಕ್ಷನ್. ಬಾಯಿಗೆ ಪೋಲಿಯೋ ಹನಿ, ಭೇದಿಗೆ ರೋಟಾ. ಆದರೆ ಎರಡೂವರೆ ತಿಂಗಳಿಗೆ ಚುಚ್ಚೋದು ಒಂದೇ ಸಲ, ಪೆಂಟಾ ಮಾತ್ರ. ಉಳಿದದ್ದು ಬಾಯಿಗೆ ಹಾಕುವ ಹನಿ. ಮೂರೂವರೆ ತಿಂಗಳಿಗೆ ಮತ್ತೆ ಮೂರು. ಇದನ್ನು ನಿನ್ನ ಅತ್ತೆಗೆ ಹೇಳಿ ನೋಡು, "ಈ ಸಲ ಒಂದೇ" ಅಂತ. ನಮ್ಮೂರಲ್ಲಿ ಅರ್ಧ ಜನ ಅಷ್ಟಕ್ಕೇ ಒಪ್ಪುತ್ತಾರೆ.

ಇನ್ನೊಂದು. ಒಂದೂವರೆ ತಿಂಗಳ ಸೂಜಿ ಬರೋದು ಸರಿಯಾಗಿ ಬಾಳಂತನದ ಮಧ್ಯೆ. ಬಾಳಂತಿ ಹೊರಗೆ ಕಾಲಿಡಬಾರದು, ಕೂಸಿಗೆ ಗಾಳಿ ಸೋಕಬಾರದು, ದೃಷ್ಟಿ ತಾಗಬಾರದು. ನಾನು ಮನೆಗೆ ಹೋದರೆ ಬಾಗಿಲಲ್ಲೇ ನಿಲ್ಲಿಸಿ "ಮೂರು ತಿಂಗಳು ಕಳೀಲಿ ಅಕ್ಕಾ" ಅಂತಾರೆ. ಇವರು ಯಾರೂ ಲಸಿಕೆಗೆ ವಿರೋಧ ಅಲ್ಲ, ತಿಳ್ಕೊಳ್ಳಿ. ಅದೇ ಮನೆಯವರು ಪೋಲಿಯೋ ಭಾನುವಾರ ಬಂತಂದ್ರೆ ನಾನು ಹೇಳೋದಕ್ಕೆ ಮೊದಲೇ ಬೂತಿಗೆ ಬಂದು ಕೂತಿರ್ತಾರೆ. ಹನಿ ಬೇಕು, ಸೂಜಿ ಬೇಡ. ಅಷ್ಟೇ.

ಮತ್ತೆ ಕೆಲವರು "ನಿಮಗೆ ಕಮಿಷನ್ ಬರುತ್ತಲ್ಲ" ಅಂತಾರೆ. ಬರುತ್ತೆ ಮಾರಾಯ್ರೇ. ಒಂದು ಮಗುವಿನ ಮೊದಲ ವರ್ಷದ್ದು ಪೂರ್ತಿ ಮುಗಿಸಿದರೆ ಕೇಂದ್ರದ ಲೆಕ್ಕದಲ್ಲಿ 100 ರೂಪಾಯಿ. ಒಂದು ವರ್ಷ ಓಡಾಡಿದ್ದಕ್ಕೆ. ಬೇಕಾದರೆ ನೀವೇ ಬಂದು ಓಡಾಡಿ, ನೂರು ನಾನು ಕೊಡ್ತೇನೆ.

ಸುಮ್ನೆ ಒಬ್ಬ:
ಎಲ್ಲರೂ ಒಂದೇ ಕಡೆ ಮಾತಾಡ್ತಾ ಇದ್ದೀರಿ. ನಮ್ಮ ಅಪ್ಪ ಅಮ್ಮನ ಕಾಲದಲ್ಲಿ ಇಷ್ಟೆಲ್ಲ ಎಲ್ಲಿತ್ತು? ಗಂಜಿ ಉಂಡು ಬೆಳೆದವರು ಎಂಬತ್ತು ತೊಂಬತ್ತು ಬದುಕಿಲ್ವಾ? ಎರಡು ತಿಂಗಳ ಕೂಸಿಗೆ ಐದು ರೋಗದ್ದು ಒಟ್ಟಿಗೆ ಚುಚ್ಚಿದರೆ ಅದರ ಮೈ ತಡೆಯುತ್ತಾ? ಆಟಿಸಂ ಬರುತ್ತೆ ಅಂತ ವಿದೇಶದ ಡಾಕ್ಟರೇ ಬರೆದಿದ್ದಾನೆ. ಕೇಳೋದು ತಪ್ಪಾ?

ಅಡಿಕೆ ಸಿಪ್ಪೆ, ಶಿರಸಿ:
ಕೇಳೋದು ತಪ್ಪಲ್ಲ ತಮ್ಮಾ. ಉತ್ತರ ಕೇಳುವ ತಾಳ್ಮೆ ಇರಲಿ.

ನಾನು ಹುಟ್ಟಿದ್ದು 1976ರಲ್ಲಿ. ಎರಡು ವರ್ಷದವನಿದ್ದಾಗ ಜ್ವರ ಬಂತಂತೆ, ನಾಲ್ಕು ದಿನ. ಜ್ವರ ಬಿಟ್ಟ ಮೇಲೆ ಬಲಗಾಲು ಏಳಲಿಲ್ಲ. ಆಯಿ ನನ್ನನ್ನು ಎತ್ತಿಕೊಂಡು ಮಾರಿಕಾಂಬೆಗೆ ಹರಕೆ ಹೊತ್ತಳು. ಎಣ್ಣೆ ತಿಕ್ಕಿಸಿದಳು, ಮರಳಲ್ಲಿ ಸೊಂಟದವರೆಗೆ ಹೂತು ನಿಲ್ಲಿಸಿದಳು. ನನಗೆ ನೆನಪಿರೋದು ಆ ಮರಳು ಬಿಸಿ ಇತ್ತು ಅಂತ ಮಾತ್ರ. ಈಗಲೂ ಎಡಗಾಲಿಗೆ ಒಂಬತ್ತು ನಂಬರ್ ಚಪ್ಪಲಿ, ಬಲಗಾಲಿಗೆ ಆರು. ಪ್ರತಿ ಸಲ ಎರಡು ಜೊತೆ ಕೊಳ್ಳಬೇಕು. ಒಂದೊಂದು ಚಪ್ಪಲಿ ಹೊಸದಾಗೇ ಉಳಿಯುತ್ತದೆ, ಅಟ್ಟದ ಮೇಲೆ ಒಂದು ಚೀಲ ತುಂಬ ಇದೆ, ಎಸೆಯೋಕೆ ಮನಸ್ಸು ಬರೋದಿಲ್ಲ.

ನಮ್ಮ ಕೇರಿಯಲ್ಲಿ ನನ್ನ ವಾರಿಗೆಯವರು ಇನ್ನೂ ಇಬ್ಬರು ಹೀಗೇ ಇದ್ದರು. ನನ್ನ ಮಕ್ಕಳ ವಾರಿಗೆಯಲ್ಲಿ ಒಬ್ಬರೂ ಇಲ್ಲ. ದೇಶದಲ್ಲಿ ಕೊನೆಯ ಪೋಲಿಯೋ ಕೇಸ್ ಆಗಿದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. ಗಂಜಿ ನಾವೂ ಉಂಡಿದ್ದೆವು. ಬದುಕಿದವರ ಲೆಕ್ಕ ಹೇಳ್ತೀಯಲ್ಲ, ಹೋದವರ ಲೆಕ್ಕ ಯಾರು ಇಟ್ಟಿದ್ದಾರೆ? ನಮ್ಮ ಅಮ್ಮಮ್ಮ ಹೆತ್ತಿದ್ದು ಒಂಬತ್ತು, ಉಳಿದಿದ್ದು ಐದು.

ಹಳೇ ನರ್ಸಮ್ಮ:
ರಿಟೈರಾಗಿ ಆರು ವರ್ಷ ಆಯ್ತು, ಆದರೂ ಲಸಿಕೆ ಹಾಕುವ ಗುರುವಾರ ಬಂದರೆ ಬೆಳಿಗ್ಗೆ ಐಸ್ ಪ್ಯಾಕ್ ನೆನಪಾಗುತ್ತೆ. ಆಟಿಸಂ ವಿಷಯ: ಆ ಲೇಖನ ಬಂದಿದ್ದು 1998ರಲ್ಲಿ, ಹನ್ನೆರಡು ಮಕ್ಕಳ ಮೇಲೆ. ಅದರಲ್ಲಿ ಮೋಸ ಇದೆ ಅಂತ ಗೊತ್ತಾಗಿ 2010ರಲ್ಲಿ ಆ ಪತ್ರಿಕೆಯೇ ಲೇಖನ ವಾಪಸ್ ತಗೊಂಡಿತು. ಬರೆದವನ ಡಾಕ್ಟರ್ ಲೈಸೆನ್ಸೂ ಹೋಯ್ತು. ಆಮೇಲೆ ಲಕ್ಷಗಟ್ಟಲೆ ಮಕ್ಕಳನ್ನು ನೋಡಿದ್ದಾರೆ, ಸಂಬಂಧ ಸಿಕ್ಕಿಲ್ಲ.

ಐದು ರೋಗ ಅಂದಿರಲ್ಲ, ಅವು ಯಾವುವು ಅಂತ ಗೊತ್ತಾ? ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲೆ ತರುವ ಹೆಪಟೈಟಿಸ್ ಬಿ, ಮತ್ತೆ ಹಿಬ್ ಅಂತ ಒಂದು, ಅದು ಮೆದುಳು ಜ್ವರ ನ್ಯುಮೋನಿಯಾ ತರುತ್ತೆ. ನಾಯಿಕೆಮ್ಮು ನೀವು ನೋಡಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಘಟ್ಟದ ಬುಡದ ಒಂದು ಕೊಪ್ಪದಲ್ಲಿ ಎರಡು ತಿಂಗಳ ಕೂಸು ನೋಡಿದೆ. ಅಷ್ಟು ಸಣ್ಣ ಕೂಸಿಗೆ ಕೆಮ್ಮೋಕೂ ಆಗೋದಿಲ್ಲ, ಉಸಿರೇ ನಿಲ್ಲುತ್ತೆ, ತುಟಿ ನೇರಳೆ ಹಣ್ಣಿನ ಬಣ್ಣ. ಅಮ್ಮ ಬೆನ್ನು ತಟ್ಟಿ ತಟ್ಟಿ ಉಸಿರು ತರಿಸ್ತಾ ಇದ್ದಳು. ಆ ಲಸಿಕೆಯನ್ನು "ಮೈ ಗಟ್ಟಿ ಆದ ಮೇಲೆ" ಹಾಕಿಸಿದರೆ ಏನು ಬಂತು? ನಾಯಿಕೆಮ್ಮು ಜೀವ ತೆಗೆಯೋದೇ ಮೊದಲ ಕೆಲವು ತಿಂಗಳಲ್ಲಿ. ಅದಕ್ಕೇ ಒಂದೂವರೆ ತಿಂಗಳಿಗೆ ಶುರು ಮಾಡೋದು.

ಜ್ವರ ಜಾಸ್ತಿ ಬರೋದೂ ಆ ನಾಯಿಕೆಮ್ಮಿನ ಭಾಗದಿಂದಲೇ. ಒಂದೆರಡು ದಿನ ಇರುತ್ತೆ, ಹೋಗುತ್ತೆ. ಗಂಟು ಕೆಲವು ದಿನ ಇರಬಹುದು. ಅದನ್ನು ತಿಕ್ಕಬೇಡಿ, ಬಿಸಿ ಎಣ್ಣೆ ಬೇಡ, ಸುಣ್ಣ ಬೇಡ. ತಣ್ಣೀರಲ್ಲಿ ಅದ್ದಿದ ಬಟ್ಟೆ ಇಡಿ, ಹಾಲು ಕುಡಿಸ್ತಾ ಇರಿ. ಹೋದ ಸಲ ಫಿಟ್ಸ್ ಬಂದಿತ್ತು, ಕೂಸು ಪ್ರಜ್ಞೆ ತಪ್ಪಿತ್ತು, ಹಾಗೇನಾದ್ರೂ ಇದ್ದರೆ ಸಿಸ್ಟರ್ ಹತ್ತಿರ ಮೊದಲೇ ಹೇಳಿ. ಬರೀ ಜ್ವರ, ಅಳು, ಗಂಟು ಆದರೆ ಮುಂದಿನದು ಹಾಕಿಸೋಕೆ ಅಡ್ಡಿ ಇಲ್ಲ. ನೆಗಡಿ ಇದ್ದರೂ ಅಡ್ಡಿ ಇಲ್ಲ. ಐದು ದಿನ ತಡ ಆಗಿದ್ದಕ್ಕೆ ಮೊದಲಿಂದ ಶುರು ಮಾಡೋದೂ ಬೇಡ, ನಿಂತಲ್ಲಿಂದ ಮುಂದುವರಿಸ್ತಾರೆ. ಇದಾಗಿ ನಾಲ್ಕು ವಾರಕ್ಕೆ ಮೂರನೆಯದು.

ಆವತ್ತು ನಿಮಗೆ ಯಾರೂ ಏನೂ ಹೇಳದೆ ಕಳಿಸಿದ್ದು ತಪ್ಪು. ಯಾವ ಲಸಿಕೆ, ಏನು ತೊಂದರೆ ಆಗಬಹುದು, ಆದರೆ ಏನು ಮಾಡಬೇಕು, ಮುಂದೆ ಯಾವಾಗ ಬರಬೇಕು, ಇಷ್ಟು ಹೇಳಲೇಬೇಕು ಅಂತ ನಮಗೆ ಟ್ರೈನಿಂಗಿನಲ್ಲಿ ಬಾಯಿಪಾಠ ಮಾಡಿಸ್ತಾರೆ. ಅರ್ಧ ಗಂಟೆ ಕೂರಿಸಿಕೊಳ್ಳಬೇಕು. ಎಪ್ಪತ್ತು ಮಕ್ಕಳು, ಒಬ್ಬಳೇ ಸಿಸ್ಟರ್ ಅಂದ್ರೆ ಮೊದಲು ಹಾರಿಹೋಗೋದು ಮಾತೇ. ನಾನೂ ಹಾರಿಸಿದ್ದೇನೆ, ಸುಳ್ಳು ಯಾಕೆ.

ಮಲೆನಾಡ ಮಳೆ, ಸಿದ್ದಾಪುರ:
ನಮ್ಮ ಕಡೆಯ ಸಂಗತಿ ಬೇರೆನೇ ಇದೆ, ಅದನ್ನೂ ಕೇಳಿ. ಮಂಗನ ಕಾಯಿಲೆ ಲಸಿಕೆ ಅಂತ ವರ್ಷ ವರ್ಷ ಹಾಕಿಸ್ಕೊಂಡೆವು. ಮೊದಲು ಎರಡು, ಆಮೇಲೆ ಬೂಸ್ಟರ್, ಆಮೇಲೆ ಪ್ರತಿ ವರ್ಷ. ತೋಳು ಎರಡು ದಿನ ಎತ್ತೋಕೆ ಆಗ್ತಿರಲಿಲ್ಲ, ಕೊನೆ ಕೊಯ್ಲಿನ ಟೈಮಲ್ಲಿ. ಹಾಕಿಸಿಕೊಂಡವರಿಗೂ ಕಾಯಿಲೆ ಬಂತು. ಕೊನೆಗೆ 2022ರ ಹೊತ್ತಿಗೆ ಸರಕಾರವೇ ಅದು ಸರಿಯಿಲ್ಲ ಅಂತ ನಿಲ್ಲಿಸಿತು. ಈಗ ಉಣುಗು ಕಚ್ಚದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗಿ ಅಂತಾರೆ. 2024ರಲ್ಲಿ ನಮ್ಮ ತಾಲೂಕಲ್ಲಿ ಎಷ್ಟು ಕೇಸ್ ಆಯ್ತು ನಿಮಗೇ ಗೊತ್ತು. ನಮ್ಮೂರಲ್ಲಿ ಒಬ್ಬರು ಮೊಮ್ಮಗನ ಒಂಬತ್ತು ತಿಂಗಳ ಸೂಜಿಗೆ "ಇದೂ ಅದರ ಹಾಗೇನಾ?" ಅಂತ ಕೇಳಿದರು. ಏನು ಹೇಳೋದು?

ಹಳೇ ನರ್ಸಮ್ಮ:
ಆ ಪ್ರಶ್ನೆ ನ್ಯಾಯವಾದದ್ದು. ಮಂಗನ ಕಾಯಿಲೆ ಲಸಿಕೆ ಮೊದಲಿಂದಲೂ ಅಷ್ಟು ಗಟ್ಟಿ ಇರಲಿಲ್ಲ. ಎರಡು ಡೋಸಿಗೆ ಶೇ. 62ರಷ್ಟು ರಕ್ಷಣೆ, ಬೂಸ್ಟರ್ ಸೇರಿದರೆ ಶೇ. 83 ಅಂತ ಒಂದು ಅಧ್ಯಯನ ಹೇಳಿತ್ತು. ಬೂಸ್ಟರಿಗೆ ಬರುವವರು ಕಡಿಮೆ. ಆಮೇಲೆ ಅದರ ಶಕ್ತಿಯೇ ಇಳಿದಿದೆ ಅಂತ ಪರೀಕ್ಷೆಯಲ್ಲಿ ಗೊತ್ತಾಯ್ತು, ನಿಲ್ಲಿಸಿದರು. ಜನರಿಗೆ ಸರಿಯಾಗಿ ತಿಳಿಸಿ ನಿಲ್ಲಿಸಬೇಕಿತ್ತು, ಅದು ಆಗಲಿಲ್ಲ ಅನ್ನೋದು ನನ್ನ ಸಿಟ್ಟು. ಒಂಬತ್ತು ತಿಂಗಳ ಎಂಆರ್, ಅಂದ್ರೆ ದಡಾರ–ರುಬೆಲ್ಲಾ ಸೂಜಿ, ಹಾಗಲ್ಲ. ದಡಾರಕ್ಕೆ ಒಂದು ಡೋಸಿಗೆ ಶೇ. 85ರ ಆಸುಪಾಸು, ಒಂದೂವರೆ ವರ್ಷದ ಎರಡನೆಯದೂ ಆದರೆ ಶೇ. 95ಕ್ಕೂ ಮೇಲೆ. ಜಗತ್ತಿನ ತುಂಬ ಎಷ್ಟೋ ವರ್ಷಗಳಿಂದ ಬಳಸಿ ನೋಡಿದ್ದು. ಆದರೆ ಎರಡೂ ಬೇಕು. ಜನ ಒಂಬತ್ತು ತಿಂಗಳದ್ದು ಮುಗಿದ ಕೂಡಲೇ "ಎಲ್ಲ ಆಯ್ತು" ಅಂತ ಕಾರ್ಡನ್ನು ಕಪಾಟಿಗೆ ಸೇರಿಸಿಬಿಡ್ತಾರೆ. ನನ್ನ ರಿಜಿಸ್ಟರಿನಲ್ಲಿ ಖಾಲಿ ಕಾಲಂ ಜಾಸ್ತಿ ಇರ್ತಿದ್ದದ್ದು ಅಲ್ಲೇ.

ಬಂದರು ಬೀದಿ, ಕಾರವಾರ:
ಕಾರ್ಡ್ ಅಂದಿದ್ದಕ್ಕೆ ನೆನಪಾಯ್ತು. ದೊಡ್ಡ ಮಗನ ತಾಯಿ ಕಾರ್ಡ್ ಅತ್ತೆ ಮನೆ ಹೊನ್ನಾವರದಲ್ಲಿ, ನಾವು ಇಲ್ಲಿ. ಇಲ್ಲಿಯ ಆಶಾ ಹೆಸರು ಇಲ್ಲ ಅಂದರು, ಅಲ್ಲಿಯವರು ಊರು ಬಿಟ್ಟಿದ್ದಾರೆ ಅಂತ ಬರೆದುಕೊಂಡರು. ಮಧ್ಯದಲ್ಲಿ ಹುಡುಗನ ಬೂಸ್ಟರ್ ಹೋಯ್ತು. ನಮಗೆ ಬೇಡ ಅಂತ ಇರಲಿಲ್ಲ, ಯಾರೂ ಕರೀಲೂ ಇಲ್ಲ, ನಾವೂ ಹೋಗಲಿಲ್ಲ. ಜೂನ್ ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್ ಇರುತ್ತಲ್ಲ, ಆಗ ಮನೇಲಿದ್ದೆ, ಅಂಗನವಾಡಿ ಅಕ್ಕೋರು ಹಿಡಿದು ನಿಲ್ಲಿಸಿ ಕೇಳಿದರು. ಹೋಗಿ ಹಾಕಿಸಿದೆ. ಈಗ ಯು-ವಿನ್ ಅಂತ ಕಂಪ್ಯೂಟರಿಗೆ ಹಾಕ್ತಾರಂತೆ, ಎಲ್ಲಿ ಹೋದರೂ ಗೊತ್ತಾಗುತ್ತಂತೆ. ಆದರೂ ಕಾರ್ಡಿನ ಫೋಟೋ ಒಂದು ಮೊಬೈಲಲ್ಲಿ ಇಟ್ಕೊಳ್ಳಿ. ನಮ್ಮ ಬೋಟಿನಲ್ಲಿ ಒಡಿಶಾ, ಜಾರ್ಖಂಡ್ ಹುಡುಗರು ಇದ್ದಾರೆ. ಒಬ್ಬ ಹೆಂಡತಿ ಮಗು ಕರ್ಕೊಂಡು ಬಂದಿದ್ದಾನೆ. ಆ ಮಗುವಿನದು ಯಾವ ರಿಜಿಸ್ಟರಿನಲ್ಲಿ ಇದೆಯೋ ದೇವರೇ ಬಲ್ಲ.

ಕಾಳಿಹೊಳೆ ಆಚೆ, ಕಾರವಾರ:
ಎಲ್ಲರಿಗೂ ಥ್ಯಾಂಕ್ಸ್. ಒಂದು ಕೇಳೋದಿತ್ತು. ಇವರ ಆಫೀಸಿನವರೊಬ್ಬರು "ಪ್ರೈವೇಟಿನಲ್ಲಿ ನೋವಿಲ್ಲದ ಸೂಜಿ ಇದೆ, ಜ್ವರಾನೂ ಬರಲ್ಲ, ಅದನ್ನೇ ಹಾಕಿಸಿ" ಅಂದರಂತೆ. ಹೌದಾ?

ಮಾತ್ರೆ ಡಬ್ಬಿ, ಹೊನ್ನಾವರ:
ಮೆಡಿಕಲ್ ಶಾಪ್ ಇಟ್ಟವನು ನಾನು, ಮಾರಿದರೆ ನನಗೇ ಲಾಭ, ಆದರೂ ಇದ್ದದ್ದು ಹೇಳ್ತೇನೆ. ನೋವಿಲ್ಲ ಅನ್ನೋದು ಬಾಯಿಮಾತು, ಸೂಜಿ ಸೂಜಿಯೇ. ಅದರಲ್ಲಿ ನಾಯಿಕೆಮ್ಮಿನ ರೋಗಾಣುವಿನ ಕೆಲವು ತುಣುಕು ಮಾತ್ರ ಇರುತ್ತೆ, ಸರಕಾರಿಯದರಲ್ಲಿ ಸತ್ತ ರೋಗಾಣು ಪೂರ್ತಿ ಇರುತ್ತೆ. ಅದಕ್ಕೇ ಪ್ರೈವೇಟಿನದಕ್ಕೆ ಜ್ವರ ಕಡಿಮೆ. ಆದರೆ ನಾಯಿಕೆಮ್ಮಿನ ರಕ್ಷಣೆ ಬೇಗ ಇಳಿಯೋದೂ ಅದರಲ್ಲೇ. ಡೋಸಿಗೆ ಸಾವಿರಗಟ್ಟಲೆ. ದುಡ್ಡಿದ್ದವರು ಹಾಕಿಸಲಿ, ತಪ್ಪೇನಿಲ್ಲ. ಆದರೆ ಸರಕಾರಿಯದು ಕಳಪೆ ಅಂತ ತಿಳ್ಕೋಬೇಡಿ. ಹಾಂ, ಮಂಗನಬಾವು ಸರಕಾರಿ ಪಟ್ಟಿಯಲ್ಲಿ ಇಲ್ಲ, ಅದು ಬೇಕಾದರೆ ಹೊರಗೆ ಹಾಕಿಸಬೇಕು.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಪ್ಯಾರಾಸಿಟಮಾಲ್ ಡ್ರಾಪ್ಸ್ ಬೇರೆ, ಸಿರಪ್ ಬೇರೆ. ಡ್ರಾಪ್ಸಿನ ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುತ್ತೆ. ಸಾಮಾನ್ಯ ಸಿರಪ್ಪಿನ ಐದು ಎಂಎಲ್‌ನಲ್ಲಿ 125. ಲೆಕ್ಕ ಹಾಕಿ, ಡ್ರಾಪ್ಸ್ ನಾಲ್ಕು ಪಟ್ಟು ಗಟ್ಟಿ. ಡ್ರಾಪ್ಸ್ ಬಾಟಲಿಯಿಂದ ಚಮಚದಲ್ಲಿ ಹಾಕಿದವರನ್ನು ನೋಡಿದ್ದೇನೆ. ಕೂಸಿನ ತೂಕ ಹೇಳಿ, ಎಷ್ಟು ಕೊಡಬೇಕು ಅಂತ ಸಿಸ್ಟರ್ ಹತ್ತಿರ ಕಾರ್ಡ್ ಮೇಲೇ ಬರೆಸಿಕೊಳ್ಳಿ. ಮನೇಲಿ ಇದ್ದ ಅಣ್ಣನ ಬಾಟಲಿ ಬಳಸಬೇಡಿ.

ಗುಲಾಬಿ ಸೀರೆ, ಕುಮಟಾ:
ತಂಗಿ, ಅತ್ತೆಯ ತೋಳು ನೋಡು. ಅರವತ್ತು ದಾಟಿದವರ ತೋಳಲ್ಲಿ ಸಿಡುಬು ಬರದ ಹಾಗೆ ದೇವಿ ಹಾಕಿಸಿದ ದುಂಡನೆ ಗುರುತು ಇರುತ್ತೆ. ಅದನ್ನು ತೋರಿಸಿ ಮಾತಾಡು.

ಕಾಳಿಹೊಳೆ ಆಚೆ, ಕಾರವಾರ:
ತೋರಿಸಿದೆ ಅಕ್ಕಾ. ಎರಡು ಗುರುತು ಇದೆ, ನಾಲ್ಕಾಣೆ ನಾಣ್ಯದಷ್ಟು. "ಹೌದು, ಹಾಕಿದಾಗ ಎಂಟು ದಿನ ಹೊರಳಾಡಿದ್ದೆ, ಅದಕ್ಕೇ ಹೇಳೋದು ಬೇಡ ಅಂತ" ಅಂದರು. 😀 ನಿಮ್ಮ ಉಪಾಯ ಉಲ್ಟಾ ಹೊಡೀತು.

ಗುಲಾಬಿ ಸೀರೆ, ಕುಮಟಾ:
ಅಯ್ಯೋ ದೇವರೇ. ಸರಿ, ಹಾಗಾದ್ರೆ ಅತ್ತೆಯನ್ನೇ ಕರ್ಕೊಂಡು ಹೋಗು. ಕೂಸನ್ನು ಅವರ ತೊಡೆ ಮೇಲೇ ಕೊಡು. ನಮ್ಮಲ್ಲಿ ಸೂಜಿಗೆ ಬರೋದು ಸೊಸೆ, ಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಮನೇಲಿ ಕೂತವರು. ಸಿಸ್ಟರ್ ಹೇಳಿದ್ದು ಅವರ ಕಿವಿಗೆ ಬೀಳೋದೇ ಇಲ್ಲ.

ಕಪ್ಪುಹಲಗೆ, ಭಟ್ಕಳ ಕಡೆ:
ಮಾಸ್ತರಿಕೆ ಮಾಡುವವನು. 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಇತ್ತಲ್ಲ, ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗೆ. ಹಿಂದಿನ ರಾತ್ರಿ ವಾಟ್ಸಾಪ್ ತುಂಬ "ಮುಂದೆ ಮಕ್ಕಳಾಗೋದಿಲ್ಲ" ಅಂತ ಧ್ವನಿ ಸಂದೇಶ. ಬೆಳಿಗ್ಗೆ ನನ್ನ ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ಪಾಲಕರು ಗೇಟಲ್ಲಿ ನಿಂತು ನನ್ನನ್ನೇ ಕೇಳಿದರು. ರುಬೆಲ್ಲಾ ಅಂದ್ರೆ ಏನು ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ! ಗರ್ಭಿಣಿಗೆ ಅದು ಬಂದರೆ ಹೊಟ್ಟೆಯ ಮಗುವಿಗೆ ಕಣ್ಣು, ಕಿವಿ, ಹೃದಯದ ತೊಂದರೆ ಆಗುತ್ತೆ ಅಂತ ಆಮೇಲೆ ಓದಿಕೊಂಡೆ. ಅಂದರೆ ಆ ಲಸಿಕೆ ಇರೋದೇ ಮುಂದೆ ಹುಟ್ಟುವ ಮಕ್ಕಳಿಗಾಗಿ, ವದಂತಿ ಸರಿಯಾಗಿ ತಿರುಗುಮುರುಗು. ಇದನ್ನು ಒಂದು ವಾರ ಮೊದಲೇ ಪಾಲಕರ ಸಭೆಯಲ್ಲಿ ಹೇಳಿದ್ದರೆ ಸಾಕಿತ್ತು. ಪಾಲಕರ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ, ಉತ್ತರ ನಮ್ಮ ಹತ್ತಿರವೇ ಇರಲಿಲ್ಲ.

ಸುಮ್ನೆ ಒಬ್ಬ:
ಸರಿ, ಆಟಿಸಂ ವಿಷಯ ವಾಪಸ್ ತಗೊಂಡೆ. ಉಳಿದದ್ದು ಇನ್ನೂ ನೋಡಬೇಕು. ಅಡಿಕೆ ಸಿಪ್ಪೆಯವರೇ, ನೋವು ಮಾಡೋ ಉದ್ದೇಶ ಇರಲಿಲ್ಲ.

ಅಡಿಕೆ ಸಿಪ್ಪೆ, ಶಿರಸಿ:
ಗೊತ್ತು ಬಿಡು. ನಿನಗೆ ಆರು ನಂಬರಿನ ಎಡಗಾಲ ಚಪ್ಪಲಿ ಬೇಕಾದರೆ ಹೇಳು, ಬೇಕಾದಷ್ಟಿದೆ.

ಕಾಳಿಹೊಳೆ ಆಚೆ, ಕಾರವಾರ:
ಇವತ್ತು ಗುರುವಾರ. ಹೋಗಿ ಬಂದೆವು, ಅತ್ತೆಯೂ ಬಂದರು. "ಒಂದೇ ಚುಚ್ಚೋದು ಅಂತ ಆದರೆ ಮಾತ್ರ" ಅಂತ ಆಟೋದಲ್ಲಿ ಮೂರು ಸಲ ಹೇಳಿದರು. ಇಲ್ಲಿಯ ಸಿಸ್ಟರ್ ಒಳ್ಳೆಯವರು. ನೀಲಿ ಡಬ್ಬಿಯಿಂದ ಬಾಟಲಿ ತೆಗೆದು ಅದರ ಮೇಲಿನ ಗುರುತು ಅತ್ತೆಗೇ ತೋರಿಸಿದರು. ದುಂಡಗಿನ ಚಿತ್ರದ ಒಳಗೆ ಚೌಕ ಇರುತ್ತೆ, ಒಳಗಿನ ಚೌಕ ಹೊರಗಿನದಕ್ಕಿಂತ ಬಿಳಿ ಇದ್ದರೆ ಮದ್ದು ಬಿಸಿಗೆ ಕೆಟ್ಟಿಲ್ಲ ಅಂತ. ಅತ್ತೆ ಕನ್ನಡಕ ಹಾಕಿಕೊಂಡು ಮೀನು ಕೊಳ್ಳುವಾಗ ಕಿವಿರು ಬಿಡಿಸಿ ನೋಡ್ತಾರಲ್ಲ, ಹಾಗೆ ನೋಡಿದರು. ಆಮೇಲೆ ತಾವೇ ಕೂಸಿನ ಕಾಲು ಹಿಡಿದರು. ಜ್ವರ ಸಂಜೆ ಬರಬಹುದು ಅಂತ ಸಿಸ್ಟರ್ ಮೊದಲೇ ಹೇಳಿದರು, ಡ್ರಾಪ್ಸ್ ಎಷ್ಟು ಅಂತ ಕಾರ್ಡ್ ಮೇಲೆ ಬರೆದರು. ಅರ್ಧ ಗಂಟೆ ಕೂತೆವು. ಅಷ್ಟರಲ್ಲಿ ಅತ್ತೆ ಪಕ್ಕದ ಹುಡುಗಿಗೆ "ಎಡ ತೊಡೆ ಪೆಂಟಾ" ಅಂತ ಪಾಠ ಶುರು ಮಾಡಿದ್ದರು.

ಈಗ ರಾತ್ರಿ ಒಂಬತ್ತು. ನೂರು ಡಿಗ್ರಿ ಇದೆ, ಹಾಲು ಕುಡೀತಾ ಇದ್ದಾಳೆ. ಅತ್ತೆ ಒದ್ದೆ ಬಟ್ಟೆ ಹಿಡ್ಕೊಂಡು ಕೂತಿದ್ದಾರೆ. ಮೂರೂವರೆ ತಿಂಗಳಿಗೆ ಮೂರು ಚುಚ್ಚು ಅಂತ ಇನ್ನೂ ಹೇಳಿಲ್ಲ.

ಬಂಗುಡೆ ಬುಟ್ಟಿ, ಅಂಕೋಲಾ:
ಹೇಳಿಬಿಡಿ ಮಾರಾಯ್ರೇ, ನಾಳೆನೇ. ಅಲ್ಲಿ ಹೋದ ಮೇಲೆ ಗೊತ್ತಾದರೆ ಗ್ರಹಚಾರ.